ಲಂಗರಿನ ಹಗ್ಗಕ್ಕೆ ಹಚ್ಚಿದ ಹರಳೆಣ್ಣೆ

ಕೊರೋನಾ ಮುಗಿದ ಮೇಲಿನ ಎರಡನೇ ಬೇಸಿಗೆಯಲ್ಲಿ ನಡೆದದ್ದು ಇದು. ಆಗ ನಾನು ಬಾಣಾವರದ ಹತ್ತಿರದ ಒಂದು ತೆಂಗಿನ ನಾರಿನ ಘಟಕದಲ್ಲಿ ಹನ್ನೊಂದು ಹೆಂಗಸರಿಗೆ ಮೇಸ್ತ್ರಿಯಾಗಿದ್ದೆ. ವಯಸ್ಸು ಅರವತ್ತೊಂದು, ಮೊಮ್ಮಕ್ಕಳು ನಾಲ್ಕು. ಓದಿದ್ದು ಮೂರನೇ ಕ್ಲಾಸು. ಹುಟ್ಟಿದ್ದು ಹಳೇಬೀಡಿನ ಪಕ್ಕದ ಒಂದು ಹಳ್ಳಿ. ಅಲ್ಲಿನ ಕೆರೆಗಿಂತ ದೊಡ್ಡ ನೀರು ಇರುತ್ತದೆಂದು ಮದುವೆಯಾಗುವವರೆಗೆ ನಂಬಿರಲಿಲ್ಲ. ಅಂಥವಳು ಯಾಟ್ ಹತ್ತಿ, ಬೆಟ್ಟಗಳು ನೇರ ಸಮುದ್ರಕ್ಕೆ ಇಳಿದಿರುವ ಕಾರವಾರದ ಕಡೆಯ ಕರಾವಳಿಯಲ್ಲಿ ನಾಲ್ಕು ದಿನ ಹೋದೆ. ನಾಲ್ಕನೇ ದಿನ ನನ್ನ ಕೈಕೆಲಸದಿಂದ ಮೂರು ಜನ ಸಾಯುವುದರಲ್ಲಿದ್ದರು. ಮೂವರಲ್ಲಿ ನಾನೂ ಒಬ್ಬಳು.

ಮೊದಲು ಹಗ್ಗದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ತೆಂಗಿನ ಮಟ್ಟೆಯನ್ನು ಯಂತ್ರಕ್ಕೆ ಕೊಟ್ಟರೆ ನಾರು ಬರುತ್ತದೆ. ನಾರನ್ನು ರಾಟೆಯಲ್ಲಿ ಹೊಸೆದರೆ ಹುರಿ. ಹುರಿಗಳನ್ನು ಕೂಡಿಸಿದರೆ ಒಂದು ಎಳೆ, ಮೂರು ಎಳೆಗಳನ್ನು ಎದುರು ತಿರುವಿನಲ್ಲಿ ಹೊಸೆದರೆ ಹಗ್ಗ. ಉದ್ದವನ್ನು ನಾವು ಮಾರಿನಲ್ಲಿ ಹೇಳುತ್ತೇವೆ. ಎರಡು ಕೈ ಚಾಚಿದರೆ ಒಂದು ಮಾರು, ಸುಮಾರು ಆರಡಿ. ಸಮುದ್ರದವರೂ ಆಳವನ್ನು ಮಾರಿನಲ್ಲೇ ಹೇಳುತ್ತಾರೆ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಕಡೆ ಹಗ್ಗ ಕೊಳ್ಳುವವರು ದನ ಕಟ್ಟುವವರು, ಬಾವಿಯಿಂದ ನೀರು ಸೇದುವವರು. ಹಸಿ ನಾರಿನ ಹಗ್ಗ ಕೈ ಕೊಯ್ಯುತ್ತದೆ, ಎತ್ತಿನ ಕುತ್ತಿಗೆಯನ್ನು ಉಜ್ಜಿ ಹುಣ್ಣು ಮಾಡುತ್ತದೆ. ಅದಕ್ಕೇ ಕೊನೆಯಲ್ಲಿ ಹರಳೆಣ್ಣೆ ಬಿಸಿ ಮಾಡಿ, ಬಟ್ಟೆಯಲ್ಲಿ ಅದ್ದಿ, ಹಗ್ಗದ ಉದ್ದಕ್ಕೂ ಎಳೆಯುತ್ತೇವೆ. ಎರಡು ದಿನ ನೆರಳಲ್ಲಿ ಇಟ್ಟರೆ ಎಣ್ಣೆ ಒಳಗೆ ಇಳಿದು ಹಗ್ಗ ಮೆತ್ತಗಾಗುತ್ತದೆ. ನಮ್ಮತ್ತೆ ಕಲಿಸಿದ್ದು ಇದು. ನಲವತ್ತು ವರ್ಷ ಎಣ್ಣೆ ಕಾಣಿಸದೆ ಒಂದು ಹಗ್ಗವನ್ನೂ ನಾನು ಹೊರಗೆ ಕಳಿಸಿದವಳಲ್ಲ. ಬೇಲೂರಿನ ಸಂತೆಯಲ್ಲಿ ರೈತರು ಹಗ್ಗವನ್ನು ಕೆನ್ನೆಗೆ ಉಜ್ಜಿ ನೋಡಿ, ‘ಇದು ನಂಜಮ್ಮನ ಕೈದು’ ಎನ್ನುತ್ತಿದ್ದರು. ಅದು ನನ್ನ ಸೊಕ್ಕು. ಅದರಿಂದಲೇ ಎಲ್ಲ ಆದದ್ದು.

ಶೇಖರಪ್ಪ ನನ್ನ ಗಂಡನ ದೊಡ್ಡಪ್ಪನ ಮಗ, ಹಾರನಹಳ್ಳಿಯವರು. ನನಗೆ ಭಾವನಾಗಬೇಕು. ನಮ್ಮ ಕೇರಿಯಿಂದ ಇಂಜಿನಿಯರ್ ಓದಿದ ಮೊದಲನೆಯವರು. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಊರಿಗೆ ಬಂದು ಸುಮ್ಮನೆ ಕೂರುವ ಆಸಾಮಿ ಅಲ್ಲ. ಕಾರವಾರದಲ್ಲಿ ಒಂದು ಹಳೆಯ ಯಾಟ್ ಕೊಂಡು ದುರಸ್ತಿ ಮಾಡಿಸಿದ್ದರು. ಯಾಟ್ ಅಂದರೆ ಮೀನು ಹಿಡಿಯುವುದಕ್ಕಲ್ಲ, ಸರಕು ಹೊರುವುದಕ್ಕಲ್ಲ, ಸುಮ್ಮನೆ ಸಮುದ್ರ ಸುತ್ತುವುದಕ್ಕೆ ಇರುವ ದೋಣಿ. ಮೂವತ್ತೆರಡು ಅಡಿ ಉದ್ದ, ಒಂದು ಹಾಯಿ ಕಂಬ, ಹೊಟ್ಟೆಯಲ್ಲಿ ಡೀಸೆಲ್ ಇಂಜಿನ್, ಮಲಗಲು ಎರಡು ಗೂಡು.

ಮಾರ್ಚ್ ತಿಂಗಳಲ್ಲಿ ಅವರು ಘಟಕಕ್ಕೆ ಬಂದರು. ಪ್ಲಾಸ್ಟಿಕ್ ಹಗ್ಗ ಸವೆದು ಚೂರುಚೂರಾಗಿ ಮೀನಿನ ಹೊಟ್ಟೆ ಸೇರುತ್ತದೆ, ಹಿಂದೆ ಹಡಗುಗಳೆಲ್ಲ ತೆಂಗಿನ ನಾರಿನ ಹಗ್ಗದಲ್ಲೇ ಓಡುತ್ತಿದ್ದವು, ನಾರಿಗೆ ಉಪ್ಪುನೀರು ಏನೂ ಮಾಡುವುದಿಲ್ಲ ಎಂದು ಅರ್ಧ ಗಂಟೆ ಹೇಳಿದರು. ನಾನು ನಾರು ಬಿಡಿಸುತ್ತಲೇ ಕೇಳಿದೆ.

‘ಲಂಗರಿಗೆ ಕಟ್ಟೋಕೆ ನಲವತ್ತು ಮಾರು ಬೇಕು, ನಂಜಮ್ಮ. ಮಣಿಕಟ್ಟಿನಷ್ಟು ದಪ್ಪ. ಇದು ಗೆದ್ದರೆ ಗೋವಾದವರೂ ನಿಮ್ಮ ಹತ್ತಿರ ಕೊಳ್ತಾರೆ’ ಎಂದರು. ಎದ್ದು ಹೊರಡುವಾಗ ತಿರುಗಿ, ‘ಹಸಿ ಹಗ್ಗ ಕೊಡು. ಏನೂ ಹಚ್ಚಬೇಡ’ ಎಂದು ಇನ್ನೊಂದು ಮಾತು ಸೇರಿಸಿದರು.

ಯಾಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಡಗಿನವರಿಗೆ ಹಗ್ಗದ ಮರ್ಯಾದೆ ಏನು ಗೊತ್ತು ಅಂದುಕೊಂಡೆ. ಇಪ್ಪತ್ತು ದಿನ ಹೊಸೆದೆವು. ಮುಗಿದ ದಿನ ಮುಟ್ಟಿ ನೋಡಿದರೆ ಮುಳ್ಳುಹಂದಿ ಮುಟ್ಟಿದ ಹಾಗಿತ್ತು. ಇದನ್ನು ನನ್ನ ಹೆಸರಲ್ಲಿ ಕಳಿಸುವುದೇ? ಎಣ್ಣೆ ಕಾಯಿಸಿದೆ. ಜೊತೆಯವಳೊಬ್ಬಳು, ‘ಬ್ಯಾಡ ಅಂದಿದ್ರಲ್ಲ ನಂಜಕ್ಕ?’ ಎಂದಳು. ‘ಅವ್ರು ಇಂಜಿನ್ ರಿಪೇರಿ ಮಾಡೋರು ಕಣೇ, ಹಗ್ಗದ್ದು ಅವ್ರಿಗೇನ್ ಗೊತ್ತೈತೆ’ ಎಂದು ಬಾಯಿ ಮುಚ್ಚಿಸಿದೆ. ನೆರಳಲ್ಲಿ ನಾಲ್ಕು ದಿನ ಇಟ್ಟು, ಒಣಬಟ್ಟೆಯಲ್ಲಿ ಒರೆಸಿದ ಮೇಲೆ ಎಣ್ಣೆ ಕಣ್ಣಿಗೆ ಕಾಣುತ್ತಿರಲಿಲ್ಲ.

ಭಾವ ಮೊದಲು ಬೇಲೂರಿನ ಯಗಚಿ ಹಿನ್ನೀರಿನಲ್ಲಿ ಒಂದು ದೋಣಿಗೆ ಕಟ್ಟಿ ಪರೀಕ್ಷೆ ಮಾಡಿದರು. ನಿಂತ ನೀರು, ಗಾಳಿಯಿಲ್ಲ. ದೋಣಿ ಕಟ್ಟಿದ ಎಮ್ಮೆಯ ಹಾಗೆ ಇದ್ದಲ್ಲೇ ಇತ್ತು. ಅವರು ಹಗ್ಗ ಸವರಿ, ‘ಬಲು ಮೆತ್ತಗೈತಲ್ಲ, ಏನಾದ್ರೂ ಹಚ್ಚಿದ್ದೀಯಾ?’ ಎಂದರು.

‘ಇಲ್ಲ ಭಾವ. ನಾರು ಒಳ್ಳೇದು’ ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕೆಲಸಕ್ಕೆ ಬಾರದ ವಿಚಾರಣೆ ಅಂತ ಹೇಳಿದ್ದು. ಆದರೆ ಸುಳ್ಳು ಸುಳ್ಳೇ.

ನಾರಿನ ಹಗ್ಗ ಸಮುದ್ರದಲ್ಲಿ ನೆಂದು, ಒಣಗಿ, ಎಲ್ಲಿ ಸವೆಯುತ್ತದೆ ಎಂದು ದಿನಾ ನೋಡಿ ದುರಸ್ತಿ ಮಾಡುವವರು ಬೇಕಿತ್ತು. ಅದಕ್ಕೆ ನನ್ನನ್ನೇ ಕರೆದರು. ಏಪ್ರಿಲ್ ಕೊನೆಯಲ್ಲಿ ಅರಸೀಕೆರೆಯಿಂದ ಹೊರಟು ಕಾರವಾರ ಸೇರಿದೆ. ಜೊತೆಗೆ ದುರಸ್ತಿಗೆಂದು ಎಣ್ಣೆ ಸೋಕದ ಹಸಿ ಹುರಿಯ ಎರಡು ಉಂಡೆ, ಎಳೆ ಬಿಡಿಸುವ ಒಂದು ಮರದ ಮೊಳೆ, ಕುಡುಗೋಲು.

ದೋಣಿಯಲ್ಲಿ ನಾವು ಮೂವರೇ. ಭಾವ, ನಾನು, ಮತ್ತು ತುಕಾರಾಮ ಎಂಬ ಕಾರವಾರದ ಖಾರ್ವಿ ಮೀನುಗಾರ. ಮೂವತ್ತೈದು ವರ್ಷದವನು, ಹುಟ್ಟಿದಾಗಿನಿಂದ ನೀರಿನಲ್ಲಿದ್ದವನು. ಯಾಟ್ ನೋಡಿಕೊಳ್ಳುವ ಕೆಲಸ ಅವನದು. ಹಗ್ಗ ಕಂಡ ಕೂಡಲೇ ಮೂಸಿದ. ‘ಇದಕ್ಕೆ ಎಂಥದೋ ವಾಸನೆ ಅದೆ ಅಲ್ವಾ ಅಕ್ಕಾ?’

‘ಮಟ್ಟೆ ಕೊಳೆಸಿದ್ ವಾಸ್ನೆ. ನಿನ್ನ ಮೀನಿಗಿಂತ ಪರವಾಗಿಲ್ಲ’ ಎಂದೆ. ಅವನು ನಕ್ಕ. ಎರಡನೇ ಸಲ ಹೇಳಿದ ಸುಳ್ಳು.

ಮೊದಲ ಎರಡು ದಿನ ನಾನು ವಾಂತಿ ಬಿಟ್ಟು ಬೇರೆ ಏನೂ ಮಾಡಲಿಲ್ಲ. ನೀರಿಗೆ ಬಿದ್ದರೆ ತೇಲಿಸುವ ಕೇಸರಿ ಬಣ್ಣದ ಜಾಕೆಟ್ಟು ಹಾಕಿಕೊಂಡು ಕಂಬ ತಬ್ಬಿ ಕುಳಿತಿದ್ದೆ. ‘ಅಕ್ಕಾ, ಸಮುದ್ರಕ್ಕೆ ಎಲ್ಲಾ ಕೊಟ್ಟಾಯ್ತು, ನಮಗೂ ಚೂರು ಗಂಜಿ ಮಾಡ್ತಿಯಾ?’ ಎಂದು ತುಕಾರಾಮ ಕೆಣಕುತ್ತಿದ್ದ. ಮೂರನೇ ದಿನ ತಲೆ ನೆಟ್ಟಗಾಯಿತು. ಆಗ ದಡ ನೋಡಿದೆ. ನಮ್ಮ ಕಡೆ ಬೆಟ್ಟ ಎಂದರೆ ಅದರ ಬುಡಕ್ಕೊಂದು ಹೊಲ, ಹೊಲಕ್ಕೊಂದು ದಾರಿ ಇರುತ್ತದೆ. ಇಲ್ಲಿ ಬೆಟ್ಟಕ್ಕೆ ಬುಡವೇ ಇಲ್ಲ. ಕಾಡು ಹೊತ್ತ ಗುಡ್ಡ ನೇರ ಕೆಳಗಿಳಿದು, ಕಪ್ಪು ಬಂಡೆಯಾಗಿ, ನೀರೊಳಗೆ ಹೋಗುತ್ತದೆ. ಕಾಲಿಡಲು ಜಾಗ ಕಾಣುವುದಿಲ್ಲ. ಇಲ್ಲಿ ಬಿದ್ದವರು ಎಲ್ಲಿ ಹತ್ತುತ್ತಾರೆ ಎಂದು ಕೇಳಿದೆ. ‘ಹತ್ತೂದಿಲ್ಲ’ ಎಂದ ತುಕಾರಾಮ.

ನಾಲ್ಕನೇ ದಿನ ಗೋಕರ್ಣ ದಾಟಿ, ಪಡುವಣಕ್ಕೆ ಬಾಯಿ ತೆರೆದಿದ್ದ ಒಂದು ಸಣ್ಣ ಕೊಲ್ಲಿಯಲ್ಲಿ ಊಟಕ್ಕೆ ನಿಂತೆವು. ಮೂರು ಕಡೆ ಗುಡ್ಡ. ಆಳ ನಾಲ್ಕು ಮಾರು. ಲಂಗರು ಇಳಿಸಿ ಹಗ್ಗವನ್ನು ಹದಿನೈದು ಮಾರು ಬಿಟ್ಟೆವು; ಉಳಿದ ಇಪ್ಪತ್ತೈದು ಮಾರು ದೋಣಿಯ ಮೂತಿಯಲ್ಲಿ ಸುತ್ತಿಟ್ಟಿತ್ತು. ಅಲ್ಲಿ ಎರಡು ಕೊಂಬಿರುವ ಕಬ್ಬಿಣದ ಗೂಟ ಇರುತ್ತದೆ, ಅದಕ್ಕೆ ಕ್ಲೀಟ್ ಎನ್ನುತ್ತಾರೆ. ಹಗ್ಗವನ್ನು ಅದಕ್ಕೆ ಸುತ್ತಿದರೆ ಸಾಕು, ಬಿಗಿದುಕೊಳ್ಳುತ್ತದೆ. ನಮ್ಮದು ದಪ್ಪ ಹಗ್ಗ, ಎರಡೇ ಸುತ್ತು ಹಿಡಿಯಿತು. ಹಿಂದಿನ ರಾತ್ರಿಗಳಲ್ಲಿ ಗಾಳಿಯಿರಲಿಲ್ಲ, ಅಷ್ಟೇ ಸಾಕಾಗಿತ್ತು. ಹಿಂದೆ ಬಂಡೆಗೆ ಇಪ್ಪತ್ತು ಮಾರು ದೂರ.

ಅನ್ನ ಬಸಿದು ಕೂತಿದ್ದೆವು. ಮಧ್ಯಾಹ್ನ ಎರಡು ಗಂಟೆ ಇರಬಹುದು. ಪಶ್ಚಿಮದಲ್ಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು. ತುಕಾರಾಮ ತಟ್ಟೆ ಕೆಳಗಿಟ್ಟು ಎದ್ದು ನಿಂತ. ಮಳೆಗಾಲಕ್ಕೆ ಇನ್ನೂ ತಿಂಗಳಿತ್ತು, ಆದರೆ ಬೇಸಿಗೆ ಕೊನೆಯಲ್ಲಿ ಹೀಗೆ ಹೇಳದೆ ಕೇಳದೆ ಒಂದು ಗಾಳಿ ಬರುತ್ತದಂತೆ. ಐದು ನಿಮಿಷದಲ್ಲಿ ಬಂತು. ಕೊಲ್ಲಿಯ ಬಾಯಿ ಗಾಳಿಗೇ ತೆರೆದಿತ್ತು. ಅಲೆಗಳು ನೇರ ಒಳಗೆ ನುಗ್ಗಿ ನಮ್ಮನ್ನು ಬಂಡೆಯ ಕಡೆ ತಳ್ಳತೊಡಗಿದವು.

ಮೊದಲ ದೊಡ್ಡ ಅಲೆಗೆ ದೋಣಿಯ ಮೂತಿ ಎದ್ದಿತು, ಹಗ್ಗ ಬಿಗಿಯಿತು, ಕ್ಲೀಟಿನ ಮೇಲೆ ಅರ್ಧ ಮಾರು ಜಾರಿತು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡಿದೆ. ಹಗ್ಗ ಹಿಂಡಿದಲ್ಲಿ ಎಣ್ಣೆ ಮೇಲೆ ಬಂದು, ನೀರಿನ ಜೊತೆ ಸೇರಿ, ಕಬ್ಬಿಣ ಮಿರುಗುತ್ತಿತ್ತು. ಎರಡನೇ ಅಲೆಗೆ ಇನ್ನರ್ಧ ಮಾರು. ನಾನು ಮೇಲೊಂದು ಸುತ್ತು ಹಾಕಲು ಹೋದರೆ ಕೊಂಬಿನಿಂದ ಹೊರಗೆ ಚಿಮ್ಮಿತು.

‘ಯಾಕ್ ಜಾರ್ತೈತೆ ಇದು?’ ಎಂದು ಭಾವ ಹಿಂದಿನಿಂದ ಕೂಗಿದರು.

‘ಹೊಸಾದು’ ಎಂದು ಕೂಗಿದೆ. ಆಗಲೂ ಅದೇ ಬಾಯಿ.

ಇನ್ನೊಂದು ಸಣ್ಣ ಲಂಗರು ಇತ್ತು. ಅದನ್ನು ಎಸೆದೆವು. ಅದು ಕಲ್ಲಿನ ಮೇಲೆ ಗರಗರ ಎನ್ನುತ್ತ ನಮ್ಮ ಜೊತೆಯೇ ಬಂತು. ರೇಡಿಯೋದಲ್ಲಿ ಭಾವ ಕರೆದರು. ಗಾಳಿ ತಗ್ಗುವವರೆಗೆ ಯಾವ ದೋಣಿಯೂ ಹೊರಡುವ ಹಾಗಿಲ್ಲ ಎಂದು ಯಾರೋ ಉತ್ತರ ಕೊಟ್ಟರು. ಬಂಡೆ ಈಗ ಹನ್ನೆರಡು ಮಾರು. ಅಲೆ ಅದಕ್ಕೆ ಬಡಿದು ಹಿಂದೆ ಬರುವಾಗ ಹನಿ ನಮ್ಮ ಬೆನ್ನಿಗೆ ಬೀಳುತ್ತಿತ್ತು.

ಭಾವ ಇಂಜಿನ್ ಚಾಲೂ ಮಾಡಿದರು. ದೋಣಿಯನ್ನು ಮುಂದೆ ತಂದರೆ ಹಗ್ಗ ಸಡಿಲವಾಗುತ್ತದೆ, ಆಗ ಅದನ್ನು ಎಳೆದು ಹಾಯಿಕಂಬಕ್ಕೇ ಗಂಟು ಹಾಕಿ ಎಂದು ನಮಗೆ ಹೇಳಿದರು. ಸರಿಯಾದ ಯೋಚನೆ. ಆದರೆ ತೆಂಗಿನ ನಾರು ನೀರಿನಲ್ಲಿ ತೇಲುತ್ತದೆ. ದೋಣಿ ಒಂದೇ ಜಿಗಿತಕ್ಕೆ ಮುಂದೆ ಹೋಯಿತು, ಸಡಿಲಾದ ಹಗ್ಗ ಮುಳುಗದೆ ಅಲೆಯ ಮೇಲೆ ಹಾವಿನ ಹಾಗೆ ಹಿಂದೆ ಬಂದು, ದೋಣಿಯ ಹೊಟ್ಟೆಯ ಕೆಳಗೆ ಹೋಗಿ, ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಇಂಜಿನ್ ಗಕ್ ಎಂದು ನಿಂತಿತು. ಪ್ರೊಪೆಲ್ಲರ್ ಅಂದರೆ ದೋಣಿಯನ್ನು ತಳ್ಳುವ ಕಬ್ಬಿಣದ ರೆಕ್ಕೆ. ದೋಣಿ ಗಿರಕ್ಕನೆ ತಿರುಗಿ, ಬಾಲವನ್ನು ಅಲೆಗೆ ಕೊಟ್ಟು, ಆ ರೆಕ್ಕೆಗೆ ಸುತ್ತಿದ ಹಗ್ಗದಲ್ಲೇ ನೇತುಬಿದ್ದಿತು. ಬಂಡೆ ಎಂಟು ಮಾರು. ಒಂದೊಂದು ಅಲೆಯೂ ಹಿಂದಿನಿಂದ ಒಳಗೆ ನುಗ್ಗಿ ಮೊಣಕಾಲಿನವರೆಗೆ ನೀರು ತುಂಬುತ್ತಿತ್ತು. ಬಗ್ಗಿ ನೋಡಿದೆ. ರೆಕ್ಕೆಯ ಅಂಚಿಗೆ ಉಜ್ಜಿ ಹಗ್ಗದ ಮೂರು ಎಳೆಯಲ್ಲಿ ಒಂದು ಆಗಲೇ ಬಿಚ್ಚಿಕೊಂಡಿತ್ತು.

ತುಕಾರಾಮ ಜಾಕೆಟ್ಟು ಕಳಚಿ ಚಾಕು ಹಲ್ಲಿನಲ್ಲಿ ಕಚ್ಚಿದ. ಕೆಳಗೆ ಹೋಗಿ ಸುತ್ತು ಬಿಡಿಸದೆ ಇಂಜಿನ್ ತಿರುಗುವುದಿಲ್ಲ. ಭಾವ ಅವನ ಭುಜ ಹಿಡಿದು ಹೇಳಿದರು, ‘ಸುತ್ತು ಬಿಡಿಸಿದ ಕೂಡಲೇ ಭಾರ ಮತ್ತೆ ಮುಂದಿನ ಕ್ಲೀಟಿಗೆ ಹೋಗುತ್ತೆ. ಹೆದರಬೇಡ. ನಾರು ಇಷ್ಟು ಹೊತ್ತಿಗೆ ನೆಂದು ಊದಿರುತ್ತೆ, ಈಗ ಕಚ್ಚಿ ಹಿಡಿಯುತ್ತೆ.’

ಹಸಿ ನಾರಿನ ಹಗ್ಗವಾಗಿದ್ದರೆ ಅವರ ಮಾತು ನೂರಕ್ಕೆ ನೂರು ಸರಿ. ಹಚ್ಚಬೇಡ ಎಂದು ಹೇಳಿದ್ದು ಅದಕ್ಕೇ ಎಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಎಣ್ಣೆ ಕುಡಿದ ನಾರು ನೀರು ಕುಡಿಯುವುದಿಲ್ಲ. ಊದುವುದಿಲ್ಲ. ಕಚ್ಚುವುದಿಲ್ಲ. ಅವನು ದೋಣಿಯ ಅಡಿಯಲ್ಲಿರುವಾಗ ಹಗ್ಗ ಜಾರುತ್ತದೆ, ದೋಣಿ ಅವನನ್ನು ಬಂಡೆಯ ಜೊತೆ ಅರೆಯುತ್ತದೆ. ಇದು ಗೊತ್ತಿದ್ದವಳು ನಾನೊಬ್ಬಳೇ.

ಅವನ ಒಂದು ಕಾಲು ಆಗಲೇ ನೀರಿನಲ್ಲಿತ್ತು. ನಾನು ಅವನ ಜುಟ್ಟು ಹಿಡಿದೆ.

‘ಬ್ಯಾಡ ಕಣೋ! ಭಾವ, ಅದು ಹಿಡಿಯಲ್ಲ. ನಾನು ಹರಳೆಣ್ಣೆ ಹಚ್ಚಿದೀನಿ.’

ಭಾವ ನನ್ನ ಮುಖ ನೋಡಿದರು. ಮಳೆ ಶುರುವಾಗಿತ್ತು. ‘ಎಷ್ಟು?’ ಎಂದರು.

‘ಪೂರ್ತಿ. ನಲವತ್ತು ಮಾರಿಗೂ.’

ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ತುಕಾರಾಮ ಚಾಕು ಬಾಯಿಂದ ತೆಗೆದು, ‘ಮತ್ತೆ ಈಗ ಎಂತ ಮಾಡುದು, ಮಾರಾಯ್ತಿ?’ ಎಂದ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಹಾಯಿಯ ನೈಲಾನ್ ಹಗ್ಗ ಇತ್ತು, ಆದರೆ ಎಣ್ಣೆ ಹಗ್ಗಕ್ಕೆ ನೈಲಾನ್ ಗಂಟು ಹಾಕಿದರೆ ಜಾರಿಕೊಂಡು ಹೋಗುತ್ತದೆ. ಹಸು ಕರು ಹಾಕಲಾರದೆ ಒದ್ದಾಡುವಾಗ ನಾವು ಕರುವಿನ ಮುಂಗಾಲಿಗೆ ಹಗ್ಗ ಕಟ್ಟಿ ಎಳೆಯುತ್ತೇವೆ. ಆ ಕಾಲು ಲೋಳೆ ಲೋಳೆ, ಯಾವ ಗಂಟೂ ನಿಲ್ಲುವುದಿಲ್ಲ. ಅದಕ್ಕೆ ಒರಟು ಹುರಿಯನ್ನು ಮಧ್ಯಕ್ಕೆ ಮಡಿಸಿ, ಎರಡು ತುದಿಗಳನ್ನು ಕಾಲಿನ ಹಿಂದೊಮ್ಮೆ ಮುಂದೊಮ್ಮೆ ಅಡ್ಡ ಹಾಯಿಸುತ್ತ ಜಡೆ ಹೆಣೆದ ಹಾಗೆ ಹೆಣೆದುಕೊಂಡು ಹೋಗುತ್ತೇವೆ. ಎಳೆದಷ್ಟೂ ಜಡೆ ಉದ್ದವಾಗಿ ಒಳಗಿನದನ್ನು ಅಮುಕುತ್ತದೆ. ನಮ್ಮೂರಲ್ಲಿ ಎಷ್ಟೋ ಕರು ಹಾಗೆ ಎಳೆದಿದ್ದೇನೆ. ಸತ್ತವೂ ಇವೆ, ಬದುಕಿದವೂ ಇವೆ.

‘ರೆಕ್ಕೆಯಿಂದ ಆಚೆಗೆ, ಲಂಗರಿನ ಕಡೆ ಹಗ್ಗದ ಮೇಲೆ ಹಸಿ ಹುರಿಯಲ್ಲಿ ಜಡೆಗಟ್ಟು ಹಾಕ್ತೀನಿ. ಅದರ ತುದಿಗೆ ನಿಮ್ಮ ನೈಲಾನ್ ಹಗ್ಗ ಕಟ್ಟಿ ದೋಣಿಗೆ ಬಿಗೀರಿ. ಭಾರ ಅದರ ಮ್ಯಾಲೆ ಕೂತ್ಕಂಡ್ ಮ್ಯಾಲೆ ಇವನು ಇಳೀಲಿ’ ಎಂದೆ.

ದೋಣಿಯ ಹಿಂದೆ ಈಜಿದವರು ಹತ್ತಲು ಒಂದು ಮೆಟ್ಟಿಲಿತ್ತು. ಅದರ ಮೇಲೆ ಹೊಟ್ಟೆ ಊರಿ ಮಲಗಿದೆ. ತುಕಾರಾಮ ನನ್ನ ಕಾಲು ಹಿಡಿದ, ಭಾವ ನೈಲಾನ್ ತಂದರು. ಹಗ್ಗ ನೀರಿನೊಳಗಿನಿಂದ ಓರೆಯಾಗಿ ಎದ್ದು ತಂತಿಯ ಹಾಗೆ ಬಿಗಿದು ನಿಂತಿತ್ತು. ದೋಣಿಯ ಬಾಲ ಕೆಳಗಿಳಿದಾಗ ನನ್ನ ತಲೆ ನೀರೊಳಗೆ, ಮೇಲೆದ್ದಾಗ ಹಗ್ಗ ಕೈಗೆ ಸಿಗದಷ್ಟು ಕೆಳಗೆ. ನಡುವೆ ಸಿಗುವ ಗಳಿಗೆಯಲ್ಲಿ ಒಂದು ಅಡ್ಡ, ಇನ್ನೊಂದು ಅಡ್ಡ. ಆರು ಹುರಿ ಕೂಡಿಸಿಕೊಂಡಿದ್ದೆ. ಎಷ್ಟು ಉಪ್ಪುನೀರು ಕುಡಿದೆನೋ ಗೊತ್ತಿಲ್ಲ. ಏಳನೇ ಅಡ್ಡಕ್ಕೆ ಬೆರಳಿನ ಚರ್ಮ ಕಿತ್ತು ಬಂತು. ಹನ್ನೊಂದಕ್ಕೆ ಹಗ್ಗದ ಎರಡನೇ ಎಳೆ ಹೋಯಿತು. ಸದ್ದೇ ಆಗಲಿಲ್ಲ, ಕೈಯ ಕೆಳಗೆ ಹಗ್ಗ ಸಣ್ಣಗೆ ನಡುಗಿತು, ಅಷ್ಟೆ. ‘ಎಳೀರಿ!’ ಎಂದು ಕೂಗಿದೆ.

ಭಾವ ನೈಲಾನನ್ನು ಹಿಂದಿನ ಎರಡು ಕ್ಲೀಟಿಗೂ ಬಿಗಿದರು. ಮುಂದಿನ ಅಲೆಗೆ ಜಡೆ ಎರಡು ಗೇಣು ಜಾರಿತು. ನಾನು ಕಣ್ಣು ಮುಚ್ಚಲಿಲ್ಲ. ಮುಚ್ಚಿ ಏನು ಮಾಡುವುದಿತ್ತು? ಆಮೇಲೆ ಹುರಿ ಕಿರಕಿರ ಎನ್ನುತ್ತ ಬಿಗಿದು ನಿಂತಿತು. ಭಾರ ಅದರ ಮೇಲೆ ಬಂತು. ರೆಕ್ಕೆಯ ಕಡೆಯ ಹಗ್ಗ ಸಡಿಲವಾಯಿತು.

ತುಕಾರಾಮ ಇಳಿದ. ಮೊದಲ ಮುಳುಗಿಗೆ ಒಂದು ತುಂಡು ಹಗ್ಗ ತಂದ. ಎರಡನೆಯದಕ್ಕೆ ಇನ್ನೊಂದು. ಬೆನ್ನು ದೋಣಿಯ ಅಡಿಗೆ ಅಂಟಿದ್ದ ಚಿಪ್ಪುಗಳಿಗೆ ಉಜ್ಜಿ ಕೆಂಪಾಗಿತ್ತು. ಮೂರನೆಯದಕ್ಕೆ ಹೋದವನು ಬರಲಿಲ್ಲ. ನಾನು ಎಣಿಸುತ್ತಿದ್ದೆ. ಮೂವತ್ತು ಆಯಿತು, ನಲವತ್ತು ಆಯಿತು. ಒಂದು ಅಲೆಗೆ ದೋಣಿಯ ಬಾಲ ಎದ್ದು ಧೊಪ್ಪನೆ ಬಿತ್ತು. ಭಾವ ಜಾಕೆಟ್ಟು ಬಿಚ್ಚತೊಡಗಿದರು. ಆಗ ತಲೆ ಕಾಣಿಸಿತು. ಎಡಗೈ ಮೇಲೆತ್ತಿ ಹಿಡಿದಿದ್ದ. ಅಲೆಗೆ ರೆಕ್ಕೆ ಅರ್ಧ ಸುತ್ತು ತಿರುಗಿ, ಹಗ್ಗ ಬಿಗಿದು, ಕಿರುಬೆರಳು ಮತ್ತು ಅದರ ಪಕ್ಕದ್ದು ನಡುವೆ ಸಿಕ್ಕಿ ನುಜ್ಜಾಗಿದ್ದವು. ಮೂಳೆ ಬೆಳ್ಳಗೆ ಕಾಣುತ್ತಿತ್ತು.

ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಗೆ ಬಿಗಿದೆ. ‘ಸಾಕು, ಮೇಲ್ ಬಾ ಮಗ’ ಎಂದೆ.

‘ಇನ್ನೊಂದು ಸುತ್ತು ಅದೆ. ಬಿಟ್ರೆ ಇಂಜಿನ್ ತಿರುಗೂದಿಲ್ಲ’ ಎಂದ. ತುಟಿ ನೀಲಿಯಾಗಿತ್ತು. ಬಟ್ಟೆ ಕಟ್ಟಿದ ಕೈ ನೋಡಿ, ‘ಇನ್ನೂ ಎಂಟು ಅದಾವೆ ಬಿಡು, ಅಕ್ಕಾ’ ಎಂದು ಮತ್ತೆ ಮುಳುಗಿದ. ಆ ಮಾತಿಗೆ ನಾನು ನಗಲಿಲ್ಲ. ಇವತ್ತಿಗೂ ನಗು ಬರುವುದಿಲ್ಲ.

ಕೊನೆಯ ಸುತ್ತು ಬಂತು. ಅವನನ್ನು ಇಬ್ಬರೂ ಮೂಟೆಯ ಹಾಗೆ ಮೇಲೆಳೆದುಕೊಂಡೆವು. ಇಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಮುಂದಿನ ಕ್ಲೀಟಿನಲ್ಲಿದ್ದ ತುಂಡನ್ನು ಕಿತ್ತು ಒಳಗೆ ಹಾಕಿದೆ. ಭಾವ ಕೂಗಿದಾಗ ಕುಡುಗೋಲಿನಲ್ಲಿ ಹಿಂದಿನ ನೈಲಾನ್, ಸಣ್ಣ ಲಂಗರಿನ ಹಗ್ಗ ಎರಡನ್ನೂ ಕೊಯ್ದೆ. ಎರಡೂ ಲಂಗರು, ಸರಪಳಿ, ನನ್ನ ಹಗ್ಗ ಎಲ್ಲ ಅಲ್ಲೇ ಬಿಟ್ಟು, ದೋಣಿ ತಿರುಗಿ, ಅಲೆಗೆ ಮುಖ ಕೊಟ್ಟು ಕೊಲ್ಲಿಯಿಂದ ಹೊರಗೆ ಹೋಯಿತು. ತಿರುಗುವಾಗ ಬಂಡೆ ಎಷ್ಟು ಹತ್ತಿರ ಬಂತೆಂದರೆ, ಅದರ ಬಿರುಕಿನಲ್ಲಿದ್ದ ಏಡಿ ಕಾಣಿಸಿತು.

ಹೊತ್ತು ಮುಳುಗುವ ಮೊದಲು ಒಂದು ಮೀನುಗಾರಿಕೆ ಬಂದರು ಸೇರಿದೆವು. ಅಲ್ಲಿಂದ ಆಸ್ಪತ್ರೆ. ಎರಡು ಬೆರಳನ್ನೂ ಬುಡದಿಂದ ತೆಗೆದರು. ಅವು ಉಳಿಯುವ ಸ್ಥಿತಿಯಲ್ಲಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದು ನನಗೂ ಗೊತ್ತಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಭಾವ ನನ್ನ ಪಕ್ಕ ಬಂದು ಕುಳಿತರು. ಆಮೇಲೆ, ‘ಎಣ್ಣೆ ವಿಷಯ ಯಾರಿಗೂ ಹೇಳಬೇಡ, ನಂಜಮ್ಮ. ಇದು ಹೊರಗೆ ಹೋದರೆ ನಿಮ್ಮ ಹಗ್ಗ ಯಾರೂ ಮುಟ್ಟಲ್ಲ. ಹನ್ನೊಂದು ಮನೆ ಅವೆ. ತುಕಾರಾಮನೂ ಹೇಳಲ್ಲ ಅಂದಿದ್ದಾನೆ’ ಎಂದರು.

‘ಅವನ್ಯಾಕೆ ಹೇಳಲ್ಲ?’

‘ಹುರಿ ಹೆಣೆದವಳೂ ನೀನೇ ಅಲ್ವಾ ಅಂತಾನೆ.’

ಮರುದಿನ ಬೆಳಿಗ್ಗೆ ತುಕಾರಾಮನ ಹೆಂಡತಿ ಕಾರವಾರದಿಂದ ಬಂದಳು. ಶೈಲಾ ಎಂದು ಹೆಸರು. ಗಟ್ಟಿ ಹೆಣ್ಣು, ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಗಂಡನನ್ನು ನೋಡಿ ಹೊರಗೆ ಬಂದು, ಕಣ್ಣೊರೆಸಿಕೊಂಡು, ಸೀದಾ ನನ್ನ ಬಳಿ ಕುಳಿತಳು. ಕೈಯಲ್ಲಿ ಊಟದ ಡಬ್ಬಿ.

‘ಹಗ್ಗದ ಅಕ್ಕ ನೀವೇನಾ? ನೀವು ಇಲ್ದೇ ಹೋದ್ರೆ ಇವ್ರು ತಿರುಗಿ ಬರ್ತಿರ್ಲಿಲ್ಲ ಅಂತೆ. ನಿನ್ನೆಯಿಂದ ಏನೂ ತಿಂದಿಲ್ವಂತೆ ನೀವು. ತಕಳಿ, ಅನ್ನ ಸಾರು ಅದೆ’ ಎಂದು ಮುಚ್ಚಳ ತೆಗೆದಳು.

ಹಸಿವು ನಿಜವಾಗಿತ್ತು. ಸಾರಿನ ಹಬೆ ಮುಖಕ್ಕೆ ಹೊಡೆಯಿತು. ಆ ಅನ್ನ ತಿಂದಿದ್ದರೆ ಎಣ್ಣೆಯ ಮಾತು ನನ್ನ ಪಾಲಿಗೆ ಮುಗಿದಂತೆಯೇ. ಇಬ್ಬರು ಗಂಡಸರು ನನ್ನ ಅರ್ಧ ಕೆಲಸ ಮಾತ್ರ ಅವಳಿಗೆ ಹೇಳಿದ್ದರು. ಇನ್ನರ್ಧಕ್ಕೆ ಅವಳ ಗಂಡನ ಎರಡು ಬೆರಳು ಹೋಗಿದ್ದವು.

‘ನೋಡವ್ವ, ಹಗ್ಗ ಜಾರಿದ್ದು ನನ್ನಿಂದ. ಎಣ್ಣೆ ಹಚ್ಚಬ್ಯಾಡ ಅಂದಿದ್ರು, ಹಚ್ಚಿದೆ. ಕೇಳಿದ್ರು, ಇಲ್ಲ ಅಂದೆ. ನಿನ್ನ ಗಂಡ ವಾಸ್ನೆ ಹಿಡಿದು ಕೇಳ್ದ, ಅವನಿಗೂ ಸುಳ್ಳೇ ಹೇಳ್ದೆ. ಅವನು ನೀರಿಗಿಳಿಯೋ ಹೊತ್ತಿಗೆ ಬಾಯ್ಬಿಟ್ಟೆ. ಮೊದ್ಲೇ ಬಿಟ್ಟಿದ್ರೆ ಇಳಿಯೋ ಪ್ರಮೇಯನೇ ಇರ್ಲಿಲ್ಲ’ ಎಂದೆ.

ಅವಳು ನನ್ನನ್ನು ನೋಡುತ್ತ ಕುಳಿತಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಡಬ್ಬಿಯ ಮುಚ್ಚಳ ಹಾಕಿ, ಒತ್ತಿ, ಎದ್ದು ಗಂಡನ ವಾರ್ಡಿಗೆ ಹೋದಳು. ಅವಳು ಮಾಡಿದ್ದು ಸರಿ. ನಾನು ಹಸಿದುಕೊಂಡೇ ಊರಿನ ಬಸ್ಸು ಹತ್ತಿದೆ.

ಘಟಕದಲ್ಲಿ ಹೆಂಗಸರನ್ನೆಲ್ಲ ಕೂರಿಸಿ ನಡೆದದ್ದನ್ನು ಹೇಳಿದೆ. ಇಬ್ಬರು ನನ್ನ ಮೇಲೆ ಸಿಟ್ಟಾದರು, ಒಬ್ಬಳು ಅತ್ತಳು. ಗೋವಾದವರು ಬರಲಿಲ್ಲ, ಯಾಟಿನವರು ಯಾರೂ ಬರಲಿಲ್ಲ. ಘಟಕ ಈಗ ಕಾಲೊರೆಸುವ ಚಾಪೆ, ದನದ ಹಗ್ಗದ ಮೇಲೆ ಕುಂಟುತ್ತ ನಡೆದಿದೆ. ಭಾವ ಆ ದೋಣಿಯನ್ನು ಇಟ್ಟುಕೊಂಡಿದ್ದಾರೆ. ತುಕಾರಾಮ ಅದರಲ್ಲೇ ಕೆಲಸಕ್ಕಿದ್ದಾನೆ. ಬಲೆ ಹೆಣೆಯುವುದು ಮಾತ್ರ ಇನ್ನಾಗುವುದಿಲ್ಲವಂತೆ. ಶೈಲಾ ನನ್ನ ಜೊತೆ ಮಾತಾಡಿಲ್ಲ.

ಮೇಸ್ತ್ರಿಕೆ ಬಿಟ್ಟು ಎರಡು ವರ್ಷವಾಯಿತು. ಹೊಸದಾಗಿ ಸೇರಿದವರಿಗೆ ಕೆಲಸ ತೋರಿಸಲು ಈಗಲೂ ಕರೆಯುತ್ತಾರೆ. ಹೊಸೆಯುವುದು ಹದಿನೈದು ದಿನದಲ್ಲಿ ಬರುತ್ತದೆ, ಅದು ದೊಡ್ಡದಲ್ಲ. ನನಗೆ ನಲವತ್ತು ವರ್ಷ ಹಿಡಿದದ್ದು ಬೇರೆ. ನಾವು ಮಾಡಿದ ವಸ್ತು ಕೈಬಿಟ್ಟು ಹೋದ ಮೇಲೆ ಅದನ್ನು ಹಿಡಿದುಕೊಳ್ಳುವವನು ನಾವು ಹೇಳಿದ್ದನ್ನು ನಂಬಿ ಹಿಡಿದುಕೊಳ್ಳುತ್ತಾನೆ. ಅವನಿಗೆ ಬೇಕಾದದ್ದು ನಮ್ಮ ಕೈಗುಣ ಅಲ್ಲ, ಅದರಲ್ಲಿ ಏನಿದೆ ಎಂಬ ನಿಜ. ತಪ್ಪು ಮಾಡುವುದು ಎಲ್ಲ ಕೆಲಸದಲ್ಲೂ ಇದ್ದದ್ದೇ. ನಾನು ತಪ್ಪನ್ನು ಒಪ್ಪಿಕೊಂಡೆ, ನಿಜ. ಆದರೆ ಎರಡು ಬೆರಳಿನಷ್ಟು ತಡವಾಗಿ ಒಪ್ಪಿಕೊಂಡೆ.